350 ರೂಪಾಯಿಯ ರೆಡಿಮೇಡ್ ಕ್ರಾಸ್‌ಓವರ್ ಬೋರ್ಡ್: ಕೇಳಿ, ಅಳೆದು, ಕೊನೆಗೆ ಬಿಚ್ಚಿಟ್ಟ ಕಥೆ

ತುಮಕೂರಿನ ನಮ್ಮ ಮನೆಯಲ್ಲಿ ನಾನೇ ಪ್ಲೈವುಡ್ ಕೊಯ್ದು ಕಟ್ಟಿದ ಒಂದು ಜೋಡಿ ಸ್ಪೀಕರ್ ಪೆಟ್ಟಿಗೆಗಳಿವೆ. ಪ್ರತಿಯೊಂದರಲ್ಲೂ ಕಾಗದದ ಕೋನ್ ಇರುವ ಆರೂವರೆ ಇಂಚಿನ ಒಂದು ವೂಫರ್ ಮತ್ತು ರೇಷ್ಮೆ ಬಟ್ಟೆಯ ಗುಮ್ಮಟವಿರುವ ಒಂದು ಇಂಚಿನ ಟ್ವೀಟರ್ ಇದೆ. ಪೆಟ್ಟಿಗೆಯ ಮುಖದ ಅಗಲ 20 ಸೆಂಟಿಮೀಟರ್. ಮರಕ್ಕೂ ಡ್ರೈವರ್‌ಗಳಿಗೂ (ಅಂದರೆ ಈ ವೂಫರ್, ಟ್ವೀಟರ್‌ಗಳಿಗೂ) ಖರ್ಚು ಮಾಡಿ ಮುಗಿಸಿದಾಗ, ಸಂಕೇತವನ್ನು ಇವೆರಡಕ್ಕೂ ಹಂಚುವ ಕ್ರಾಸ್‌ಓವರ್‌ಗೆಂದು ಕೈಯಲ್ಲಿ ಉಳಿದದ್ದು 1,500 ರೂಪಾಯಿ ಮಾತ್ರ. ಆದ್ದರಿಂದ ಹೆಚ್ಚಿನ ಹೊಸಬರು ಮಾಡುವುದನ್ನೇ ನಾನೂ ಮಾಡಿದೆ: ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದಾಗ ಒಂದು ಅಂಗಡಿಯಲ್ಲಿ ತಯಾರಕರ ಹೆಸರೇ ಇಲ್ಲದ ‘ಟು ವೇ ಕ್ರಾಸ್‌ಓವರ್’ ಬೋರ್ಡುಗಳನ್ನು ಒಂದಕ್ಕೆ 350 ರೂಪಾಯಿಯಂತೆ ಎರಡು ಕೊಂಡು ತಂದೆ. ಈ ವಿಮರ್ಶೆ ಆ ಬೋರ್ಡಿನ ಕುರಿತದ್ದು. ಜೊತೆಗೆ, ಅದರ ಜಾಗದಲ್ಲಿ ನಾನು ವಿನ್ಯಾಸ ಮಾಡಿ ಕೂರಿಸಿದ, ಎರಡೂ ಪೆಟ್ಟಿಗೆಗೆ ಸೇರಿ 1,148 ರೂಪಾಯಿ ತಗುಲಿದ ನನ್ನ ಮೊದಲ ಕ್ರಾಸ್‌ಓವರ್‌ನ ಕುರಿತದ್ದು. ತಯಾರಿಸಿದವನೇ ವಿಮರ್ಶಕನೂ ಆಗಿರುವುದರಿಂದ ಎರಡನೆಯದರ ಬಗ್ಗೆ ನಾನು ಹೇಳುವ ಮಾತನ್ನು ಸ್ವಲ್ಪ ಸೋಸಿಯೇ ತೆಗೆದುಕೊಳ್ಳಬೇಕು; ಅದಕ್ಕಾಗಿಯೇ ಅಳತೆಯ ಅಂಕಿಗಳನ್ನೂ ಕೊಡುತ್ತಿದ್ದೇನೆ.

ನೋಟಕ್ಕೆ ಬೋರ್ಡ್ ಚೆನ್ನಾಗಿಯೇ ಇತ್ತು. ಹಸಿರು ಬಣ್ಣದ ದಪ್ಪ ಹಲಗೆ, ಅದರ ಮೇಲೆ ಎರಡು ಕಾಯಿಲ್, ಎರಡು ಕೆಪಾಸಿಟರ್, ತಂತಿ ಬಿಗಿಯಲು ಸ್ಕ್ರೂ ಇರುವ ಟರ್ಮಿನಲ್‌ಗಳು. ಬಿಳಿ ಅಕ್ಷರದಲ್ಲಿ ‘150 ವ್ಯಾಟ್, 3000 ಹರ್ಟ್ಜ್, 12 ಡೆಸಿಬೆಲ್’ ಎಂದು ಮುದ್ರಿಸಲಾಗಿತ್ತು. ಕ್ರಾಸ್‌ಓವರ್ ಮಾಡುವ ಕೆಲಸವನ್ನು ಇಷ್ಟರಲ್ಲೇ ಹೇಳಿಬಿಡಬಹುದು: ಆಂಪ್ಲಿಫೈಯರ್‌ನಿಂದ ಬರುವ ಸಂಕೇತದಲ್ಲಿ ಕೆಳಗಿನ ಕಂಪನಾಂಕಗಳನ್ನು ವೂಫರ್‌ಗೂ ಮೇಲಿನವನ್ನು ಟ್ವೀಟರ್‌ಗೂ ಹಂಚುವುದು, ಮತ್ತು ಎರಡೂ ಕೂಡುವ ಜಾಗದಲ್ಲಿ ಕೇಳುವವನಿಗೆ ಹೊಲಿಗೆ ಕಾಣದಂತೆ ನೋಡಿಕೊಳ್ಳುವುದು. ಮೊದಲ ಅರ್ಧ ಸುಲಭ. ಎರಡನೆಯ ಅರ್ಧದಲ್ಲಿಯೇ ಎಲ್ಲ ಕಷ್ಟವೂ ಇರುವುದು, ಮತ್ತು ಬೋರ್ಡಿನ ಮೇಲೆ ಮುದ್ರಿಸಿದ ಮೂರು ಅಂಕಿಗಳಲ್ಲಿ ಒಂದೂ ಆ ಅರ್ಧವನ್ನು ಕುರಿತು ಮಾತಾಡುವುದಿಲ್ಲ.

ಮೊದಲ ದಿನ ಕೇಳಿದಾಗ ಸ್ಪಷ್ಟತೆ ಬಹಳ ಇದೆ ಎನ್ನಿಸಿತು. ಮೂರನೆಯ ದಿನಕ್ಕೆ ಅದು ಸ್ಪಷ್ಟತೆಯಲ್ಲ, ಚುಚ್ಚುವಿಕೆ ಎಂದು ತಿಳಿಯಿತು. ಆಕಾಶವಾಣಿಯ ವಾರ್ತೆ ಹಾಕಿದರೆ ಶ, ಷ, ಸ ಮೂರೂ ಒಂದೇ ಸಿಳ್ಳಿನಂತೆ ಕೇಳುತ್ತಿದ್ದವು; ಕಛೇರಿಯ ಧ್ವನಿಮುದ್ರಣದಲ್ಲಿ ಮೃದಂಗದ ಬಲಂತಲೆಯ ಪೆಟ್ಟು ಎದ್ದು ಬರುತ್ತಿದ್ದರೆ ತೊಪ್ಪಿಯ ಗುಂಕಾರ ಪಕ್ಕದ ಕೋಣೆಯಲ್ಲಿ ನಡೆಯುತ್ತಿರುವಂತೆ ಇತ್ತು; ಗಾಯಕಿಯ ಕಂಠವು ಮಧ್ಯಸ್ಥಾಯಿಯಲ್ಲಿ ಒಮ್ಮೆ ಮುಂದೆ ಬಂದು, ತಾರಸ್ಥಾಯಿಗೆ ಏರಿದಾಗ ಒಂದು ಹೆಜ್ಜೆ ಹಿಂದೆ ಸರಿದಂತಾಗುತ್ತಿತ್ತು. ವೂಫರ್‌ನದೇ ದೋಷವಿರಬೇಕೆಂದು ಕೆಲವು ದಿನ ಅದನ್ನು ಬೈದುಕೊಂಡೆ. ಅನ್ಯಾಯದ ಬೈಗುಳ ಅದು.

ಬೋರ್ಡಿನ ಭಾಗಗಳನ್ನು ಒಂದೊಂದಾಗಿ ಬಿಚ್ಚಿ ಅಳೆದಾಗ ಸಂಗತಿ ಹೊರಬಂತು. ವೂಫರ್‌ಗೆ ಹೋಗುವ ದಾರಿಯಲ್ಲಿ 0.5 ಮಿಲಿಹೆನ್ರಿಯ ಕಾಯಿಲ್, ಅದರ ನಂತರ ಅಡ್ಡಲಾಗಿ (ಅಂದರೆ ಡ್ರೈವರ್‌ಗೆ ಸಮಾನಾಂತರವಾಗಿ) 4.7 ಮೈಕ್ರೋಫ್ಯಾರಡ್, ಟ್ವೀಟರ್‌ನ ದಾರಿಯಲ್ಲಿ 3.3 ಮೈಕ್ರೋಫ್ಯಾರಡ್, ಅಡ್ಡಲಾಗಿ 0.3 ಮಿಲಿಹೆನ್ರಿ. ಕಾಯಿಲ್ ಮತ್ತು ಕೆಪಾಸಿಟರ್‌ಗಳ ಗುಣಲಬ್ಧದಿಂದ ಲೆಕ್ಕ ಹಾಕಿದರೆ ವೂಫರ್ ಭಾಗದ ಮಂಡಲವು ಸುಮಾರು 3,280 ಹರ್ಟ್ಜ್‌ಗೆ, ಟ್ವೀಟರ್ ಭಾಗದ್ದು ಸುಮಾರು 5,060 ಹರ್ಟ್ಜ್‌ಗೆ ಹೊಂದಿಕೊಂಡಿದೆ. ಅಂದರೆ ಹಲಗೆಯ ಮೇಲೆ ಮುದ್ರಿಸಿದ 3,000 ಎರಡರಲ್ಲಿ ಒಂದಕ್ಕೂ ಸೇರಿದ್ದಲ್ಲ. ವೂಫರ್ ಕಾಯಿಲ್ ಅನ್ನು ಫೆರೈಟ್ ತಿರುಳಿನ ಮೇಲೆ ಕೂದಲೆಳೆಯಂಥ ತಂತಿಯಿಂದ ಸುತ್ತಿದ್ದಾರೆ. ಅದರ ರೋಧ 0.9 ಓಮ್. ಎರಡು ಕಾಯಿಲ್‌ಗಳನ್ನೂ ಒಂದೇ ದಿಕ್ಕಿಗೆ ಮುಖ ಮಾಡಿ ಪಕ್ಕಪಕ್ಕದಲ್ಲೇ ನಿಲ್ಲಿಸಿರುವುದರಿಂದ ಒಂದರ ಕಾಂತಕ್ಷೇತ್ರ ಇನ್ನೊಂದಕ್ಕೆ ಹಾಯುತ್ತದೆ. ಟ್ವೀಟರ್‌ನ ಸದ್ದನ್ನು ತಗ್ಗಿಸುವ ರೆಸಿಸ್ಟರ್ ಒಂದೂ ಇಲ್ಲ. ನನ್ನ ಟ್ವೀಟರ್‌ನ ಸಂವೇದನೆ, ಅಂದರೆ ಒಂದೇ ಪ್ರಮಾಣದ ಸಂಕೇತಕ್ಕೆ ಅದು ಹೊಮ್ಮಿಸುವ ಸದ್ದು, 91 ಡೆಸಿಬೆಲ್, ವೂಫರ್‌ನದು 86. ಐದು ಡೆಸಿಬೆಲ್‌ನ ಆ ವ್ಯತ್ಯಾಸ ಹಾಗೆಯೇ ಕಿವಿಗೆ ಬರುತ್ತಿತ್ತು.

ಆದರೂ ಭಾಗಗಳು ಅಗ್ಗದ್ದೆಂಬುದು ಬೋರ್ಡಿನ ಮುಖ್ಯ ದೋಷವಲ್ಲ. ಅದು ಯಾವ ಸ್ಪೀಕರನ್ನೂ ನೋಡದೆ ಹುಟ್ಟಿದೆ ಎಂಬುದೇ ದೋಷ. ಮುಂದೆ ಹೋಗುವ ಮೊದಲು ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದೇ ತಪ್ಪನ್ನು ಪಠ್ಯಪುಸ್ತಕದ ಸೂತ್ರ ಹಿಡಿದು ಕೂತವರೂ ಮಾಡುತ್ತಾರೆ, ನಾನೂ ಮಾಡಿದೆ.

ಸ್ಪೀಕರ್‌ನ ಬೆನ್ನ ಮೇಲೆ ‘8 ಓಮ್’ ಎಂದು ಬರೆದಿರುವುದು ಊರಿನ ಹೆಸರಿನಂತೆ, ಗುರುತಿಗೆ ಮಾತ್ರ. ನನ್ನ ವೂಫರ್‌ನ ನೇರ ರೋಧ 6.1 ಓಮ್, ಅದರ ವಾಯ್ಸ್ ಕಾಯಿಲ್‌ಗೂ ತನ್ನದೇ ಇಂಡಕ್ಟನ್ಸ್ ಇರುವುದರಿಂದ ಕಂಪನಾಂಕ ಏರಿದಂತೆ ಇಂಪೀಡೆನ್ಸ್ (ಸಂಕೇತಕ್ಕೆ ಅದು ಒಡ್ಡುವ ಒಟ್ಟು ತಡೆ) ಏರುತ್ತ ಹೋಗಿ 3,000 ಹರ್ಟ್ಜ್‌ನಲ್ಲಿ 13 ಓಮ್ ಮುಟ್ಟುತ್ತದೆ. ಟ್ವೀಟರ್ ಅದೇ ಜಾಗದಲ್ಲಿ ಸುಮಾರು 6 ಓಮ್. ಲಿಂಕ್‌ವಿಟ್ಜ್–ರೈಲಿ ಮಾದರಿಯ ಎರಡನೆಯ ದರ್ಜೆಯ (ಅಂದರೆ ಪ್ರತಿ ದಾರಿಯಲ್ಲೂ ಒಂದು ಕಾಯಿಲ್, ಒಂದು ಕೆಪಾಸಿಟರ್ ಇರುವ) ಫಿಲ್ಟರ್‌ಗೆ ಪುಸ್ತಕದ ಸೂತ್ರವು 8 ಓಮ್ ಮತ್ತು 3,000 ಹರ್ಟ್ಜ್‌ಗೆ 0.85 ಮಿಲಿಹೆನ್ರಿ ಹಾಗೂ 3.3 ಮೈಕ್ರೋಫ್ಯಾರಡ್ ಎಂದು ಹೇಳುತ್ತದೆ, ಮತ್ತು ಕೂಡುವ ಬಿಂದುವಿನಲ್ಲಿ ಎರಡೂ ಕಡೆ 6 ಡೆಸಿಬೆಲ್ ಇಳಿದಿರಬೇಕೆಂದು ಬಯಸುತ್ತದೆ. ಅದೇ ಭಾಗಗಳನ್ನು 13 ಓಮ್‌ನ ಮುಂದೆ ಇಟ್ಟರೆ ಸರಳ ಲೆಕ್ಕದಲ್ಲಿ ವೂಫರ್ ಸುಮಾರು 2 ಡೆಸಿಬೆಲ್ ಮಾತ್ರ ಇಳಿಯುತ್ತದೆ; 6 ಓಮ್‌ನ ಮುಂದೆ ಇಟ್ಟರೆ ಟ್ವೀಟರ್ ಎಂಟೂವರೆ ಡೆಸಿಬೆಲ್ ಇಳಿಯುತ್ತದೆ. ಒಬ್ಬ ಮಾತು ನಿಲ್ಲಿಸುವುದಿಲ್ಲ, ಇನ್ನೊಬ್ಬ ಆಗಲೇ ಸುಮ್ಮನಾಗಿದ್ದಾನೆ. ನನ್ನ ರೆಡಿಮೇಡ್ ಬೋರ್ಡಿನಲ್ಲಿ ಪರಿಸ್ಥಿತಿ ಇದಕ್ಕಿಂತಲೂ ಕೆಟ್ಟದು: ಅಲ್ಲಿನ 0.5 ಮತ್ತು 4.7ರ ಜೋಡಿಯು 13 ಓಮ್‌ನ ಮುಂದೆ ಇಳಿಯುವ ಬದಲು ಸುಮಾರು 2 ಡೆಸಿಬೆಲ್ ಏರುತ್ತದೆ. ಗಾಯಕಿ ಮುಂದೆ ಬಂದು ಹಿಂದೆ ಸರಿಯುತ್ತಿದ್ದುದು ಇದರಿಂದಲೇ.

ಇದರ ಜೊತೆಗೆ ಪೆಟ್ಟಿಗೆಯ ಅಗಲವೂ ಲೆಕ್ಕಕ್ಕೆ ಬರುತ್ತದೆ. ಮೇಲಿನ ಕಂಪನಾಂಕಗಳು ಪೆಟ್ಟಿಗೆಯ ಮುಖದಿಂದ ತಟ್ಟಿ ಮುಂದಕ್ಕೆ ಮಾತ್ರ ಹೋದರೆ ಕೆಳಗಿನವು ಪೆಟ್ಟಿಗೆಯನ್ನು ಬಳಸಿ ಹಿಂದಕ್ಕೂ ಹರಡುತ್ತವೆ. ಹೀಗಾಗಿ ಬಯಲಿನಲ್ಲಿ ಮಂದ್ರಕ್ಕೆ ತಾತ್ತ್ವಿಕವಾಗಿ 6 ಡೆಸಿಬೆಲ್‌ವರೆಗೆ ನಷ್ಟವಾಗುತ್ತದೆ. ಈ ಇಳಿತದ ಮಧ್ಯಬಿಂದುವನ್ನು 115 ಅನ್ನು ಮೀಟರಿನಲ್ಲಿರುವ ಅಗಲದಿಂದ ಭಾಗಿಸಿ ಅಂದಾಜು ಮಾಡಬಹುದು. ನನ್ನ 20 ಸೆಂಟಿಮೀಟರಿಗೆ ಅದು 575 ಹರ್ಟ್ಜ್. ಕೋಣೆಯ ಗೋಡೆಗಳು ಒಂದಿಷ್ಟನ್ನು ಮರಳಿ ಕೊಡುವುದರಿಂದ 3ರಿಂದ 4 ಡೆಸಿಬೆಲ್ ಸರಿಪಡಿಸಿದರೆ ಸಾಕಾಗುತ್ತದೆ. ಅದನ್ನು ಮಾಡಲು ವೂಫರ್‌ನ ಕಾಯಿಲ್ ದೊಡ್ಡದಾಗಿರಬೇಕು. ಬೋರ್ಡಿನ ಪುಟ್ಟ ಅರ್ಧ ಮಿಲಿಹೆನ್ರಿಯ ಕಾಯಿಲ್‌ಗೆ ಆ ಶಕ್ತಿಯಿಲ್ಲ. ತೊಪ್ಪಿಯ ಗುಂಕಾರ ಪಕ್ಕದ ಕೋಣೆಗೆ ಹೋದದ್ದು ಹಾಗೆ.

ಒಂದೇ ಕೆಪಾಸಿಟರ್ ಹಾಕಿ ಮುಗಿಸಿಬಿಡುವ ಆಸೆಯೂ ನನಗೆ ಬಂದಿತ್ತು. ಮೊದಲ ದರ್ಜೆಯ ಆ ಫಿಲ್ಟರ್‌ಗೆ 3,000 ಹರ್ಟ್ಜ್‌ನಲ್ಲಿ 6.6 ಮೈಕ್ರೋಫ್ಯಾರಡ್ ಸಾಕು, ಖರ್ಚು ಐವತ್ತು ರೂಪಾಯಿಯೊಳಗೆ. ಆದರೆ ನನ್ನ ಟ್ವೀಟರ್‌ನ ಅನುರಣನ 1,300 ಹರ್ಟ್ಜ್‌ನಲ್ಲಿದೆ ಮತ್ತು ಅಲ್ಲಿ ಅದರ ಇಂಪೀಡೆನ್ಸ್ 14 ಓಮ್‌ಗೆ ಏರುತ್ತದೆ. ಆ ಕೆಪಾಸಿಟರ್ ಅಲ್ಲಿ ತಗ್ಗಿಸುವುದು ಕೇವಲ ನಾಲ್ಕೂವರೆ ಡೆಸಿಬೆಲ್. ಹಬ್ಬದ ದಿನ ಮಕ್ಕಳು ಸದ್ದು ಹೆಚ್ಚಿಸಿದರೆ ಟ್ವೀಟರ್ ಉಳಿಯುವುದು ಅನುಮಾನ. ಆದ್ದರಿಂದ ಎರಡೂ ಕಡೆ ಎರಡನೆಯ ದರ್ಜೆಯೇ ಬೇಕೆಂದು ನಿಶ್ಚಯಿಸಿದೆ. ಡ್ರೈವರ್‌ಗಳ ಸಹಜ ಇಳಿತವೂ ಸೇರಿದಾಗ ಕಿವಿಗೆ ತಲುಪುವ ಒಟ್ಟು ಇಳಿತ ನಾಲ್ಕನೆಯ ದರ್ಜೆಯ ಲಿಂಕ್‌ವಿಟ್ಜ್–ರೈಲಿಗೆ ಹತ್ತಿರವಾಗಬೇಕು ಎಂಬುದು ಗುರಿ. ಹ್ಯೂಲೆಟ್–ಪ್ಯಾಕರ್ಡ್ ಸಂಸ್ಥೆಯ ಎಂಜಿನಿಯರುಗಳಾಗಿದ್ದ ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ ಮತ್ತು ರಸ್ ರೈಲಿ ಅವರ ಹೆಸರು ಹೊತ್ತ, 1976ರಲ್ಲಿ ಪ್ರಕಟವಾದ ಈ ಏರ್ಪಾಡಿನ ಸೊಗಸೆಂದರೆ, ಕೂಡುವ ಬಿಂದುವಿನಲ್ಲಿ ಎರಡೂ ಡ್ರೈವರ್‌ಗಳು 6 ಡೆಸಿಬೆಲ್ ಕೆಳಗಿದ್ದು, ಫೇಸ್ ಒಂದೇ ಆಗಿರುವುದರಿಂದ, ಅಂದರೆ ಎರಡರ ಅಲೆಗಳೂ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುವುದರಿಂದ, ಸೇರಿದಾಗ ಸಮನಾಗಿ ನಿಲ್ಲುತ್ತವೆ.

ಇನ್ನು ಉಪಕರಣಗಳ ಮಾತು. ನಾನು ಬಳಸಿದ ಎರಡು ತಂತ್ರಾಂಶಗಳೂ ಹಣ ಕೊಡದೆ ದೊರೆತವು, ಮತ್ತು ಈ ವಿಮರ್ಶೆಯಲ್ಲಿ ನಾನು ಪೂರ್ಣ ಮನಸ್ಸಿನಿಂದ ಹೊಗಳುವುದು ಇವೆರಡನ್ನೇ. ಜಾನ್ ಮಲ್ಕಾಹಿ ಅವರ ‘ರೂಮ್ ಇಕ್ಯೂ ವಿಝರ್ಡ್’ ಅಳತೆಗೆ. ಕಿಮ್ಮೊ ಸೌನಿಸ್ಟೊ ಅವರ ‘ವಿಟುಯಿಕ್ಸ್‌ಕ್ಯಾಡ್’ ವಿನ್ಯಾಸಕ್ಕೆ. ಮೊದಲನೆಯದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಎರಡನೆಯದು ವಿಂಡೋಸ್‌ಗಾಗಿ ಬರೆದದ್ದು, ಮತ್ತು ಮೊದಲ ಸಲ ತೆರೆದವನನ್ನು ವಿಮಾನದ ಚಾಲಕನ ಕೋಣೆಯಲ್ಲಿ ಕೂರಿಸಿದಂತೆ ಕಂಗೆಡಿಸುತ್ತದೆ; ಒಂದು ವಾರ ತಾಳ್ಮೆಯಿಂದ ಕೂತರೆ ಬೇಕಾದ ನಾಲ್ಕು ಕಿಟಕಿ ಯಾವುವು, ಬೇಡದ ನಲವತ್ತು ಯಾವುವು ಎಂಬುದು ಗೊತ್ತಾಗುತ್ತದೆ. ಅಷ್ಟು ಬೇಡವೆನ್ನುವವರಿಗೆ ಬಿಲ್ ವಾಸ್ಲೊ ಅವರ ‘ಎಕ್ಸ್‌ಸಿಮ್’ ಸಾಕು. ಅದರಲ್ಲಿ ಕಾಯಿಲ್‌ನ ಮೌಲ್ಯವನ್ನು ಬದಲಿಸುತ್ತಿದ್ದಂತೆ, ಯಾವ ಕಂಪನಾಂಕದಲ್ಲಿ ಸದ್ದು ಎಷ್ಟೆಂದು ತೋರಿಸುವ ಗೆರೆಯೂ ಕಣ್ಣೆದುರೇ ಅಲುಗಾಡುತ್ತದೆ.

ಇಂಪೀಡೆನ್ಸ್ ಅಳೆಯಲು ಬೇಕಾದದ್ದು ಒಂದು ಯುಎಸ್‌ಬಿ ಸೌಂಡ್ ಕಾರ್ಡ್ ಮತ್ತು ಎರಡು ರೂಪಾಯಿಯ 100 ಓಮ್ ರೆಸಿಸ್ಟರ್. ಹೆಡ್‌ಫೋನ್ ಹೊರದಾರಿಯಿಂದ ರೆಸಿಸ್ಟರ್ ಮೂಲಕ ಸ್ಪೀಕರ್‌ಗೆ ಸಂಕೇತ ಕೊಟ್ಟು, ರೆಸಿಸ್ಟರ್‌ನ ಎರಡೂ ಬದಿಯ ವೋಲ್ಟೇಜನ್ನು ಲೈನ್ ಇನ್‌ನ ಎರಡು ಚಾನೆಲ್‌ಗಳಲ್ಲಿ ಓದಿದರೆ ತಂತ್ರಾಂಶವೇ ಇಂಪೀಡೆನ್ಸ್ ಗೆರೆಯನ್ನು ಬರೆದುಕೊಡುತ್ತದೆ. ಮೊದಲು ಗೊತ್ತಿರುವ ಒಂದು 10 ಓಮ್ ರೆಸಿಸ್ಟರ್ ಇಟ್ಟು ಹತ್ತೇ ತೋರಿಸುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು. ಕೆಪಾಸಿಟರ್ ಮತ್ತು ಕಾಯಿಲ್‌ಗಳ ಮೌಲ್ಯವನ್ನೂ ಇದರಲ್ಲೇ ಅಳೆದೆ. ಬೇರೆ ಮೀಟರ್ ಕೊಳ್ಳಲಿಲ್ಲ. ಒಂದು ಎಚ್ಚರಿಕೆ: ಈಗ ಅಗ್ಗಕ್ಕೆ ಸಿಗುವ ಅನೇಕ ಕ್ಲಾಸ್ ಡಿ ಆಂಪ್ಲಿಫೈಯರ್ ಬೋರ್ಡುಗಳಲ್ಲಿ ಸ್ಪೀಕರ್‌ನ ಕಪ್ಪು ತಂತಿ ನೆಲದ ತಂತಿಯಲ್ಲ, ಅಲ್ಲಿಯೂ ಸಂಕೇತವಿರುತ್ತದೆ. ಅದನ್ನು ಸೌಂಡ್ ಕಾರ್ಡಿನ ಗ್ರೌಂಡ್‌ಗೆ ಸೇರಿಸಿದರೆ ಎರಡರಲ್ಲಿ ಒಂದು ಸುಡಬಹುದು.

ಧ್ವನಿಯ ಅಳತೆಗೆ ಸ್ನೇಹಿತರೊಬ್ಬರಿಂದ ಅಳತೆಯ ಮೈಕನ್ನು ಎರಡು ದಿನದ ಮಟ್ಟಿಗೆ ಎರವಲು ತಂದೆ. ಇದನ್ನು ನಾನು ಕೊಂಡಿದ್ದರೆ ಬಜೆಟ್ ಅಲ್ಲಿಗೇ ಮುಗಿಯುತ್ತಿತ್ತು. ಈ ಒಂದು ಅನುಕೂಲ ನನಗಿತ್ತೆಂಬುದನ್ನು ಓದುಗರು ಲೆಕ್ಕಕ್ಕೆ ಹಿಡಿಯಬೇಕು. ಸ್ಪೀಕರನ್ನೂ ಮೈಕನ್ನೂ 1.2 ಮೀಟರ್ ಎತ್ತರದಲ್ಲಿ, ಒಂದು ಮೀಟರ್ ಅಂತರದಲ್ಲಿ ತಾರಸಿಯ ಮೇಲೆ ನಿಲ್ಲಿಸಿ, ಬೆಳಗಿನ ಐದೂವರೆಗೆ, ಕಾಗೆಗಳು ಏಳುವ ಮೊದಲೇ ಅಳೆದೆ. ಈ ಏರ್ಪಾಡಿನಲ್ಲಿ ನೆಲಕ್ಕೆ ತಾಗಿ ಮರಳುವ ಸದ್ದು ನೇರ ಸದ್ದಿಗಿಂತ 1.6 ಮೀಟರ್ ಹೆಚ್ಚು ದೂರ ನಡೆದು, ನಾಲ್ಕೂವರೆ ಮಿಲಿಸೆಕೆಂಡ್‌ಗೂ ಸ್ವಲ್ಪ ಹೆಚ್ಚು ತಡವಾಗಿ ಬರುತ್ತದೆ. ಅದು ಬರುವ ಮೊದಲಿನ ಭಾಗವನ್ನಷ್ಟೇ ಕತ್ತರಿಸಿ ತೆಗೆದುಕೊಂಡರೆ ಕೆಳಗೆ ಸುಮಾರು 215 ಹರ್ಟ್ಜ್‌ವರೆಗೆ ನಂಬಬಹುದಾದ ಗೆರೆ ಸಿಗುತ್ತದೆ. ಕ್ರಾಸ್‌ಓವರ್ ವಿನ್ಯಾಸಕ್ಕೆ ಅಷ್ಟು ಧಾರಾಳವಾಯಿತು. ಮೈಕನ್ನು ಕದಲಿಸದೆ ವೂಫರ್ ಒಂದನ್ನೇ, ಟ್ವೀಟರ್ ಒಂದನ್ನೇ, ಆಮೇಲೆ ಎರಡನ್ನೂ ಸೇರಿಸಿ ಮೂರು ಸಲ ಅಳೆದರೆ, ಎರಡರ ನಡುವೆ ಕಾಲದ ಅಂತರ ಎಷ್ಟೆಂಬುದನ್ನೂ ಲೆಕ್ಕದಿಂದ ಹಿಡಿಯಬಹುದು. ವೂಫರ್‌ನ ಸದ್ದು ಹುಟ್ಟುವ ಜಾಗ ಟ್ವೀಟರ್‌ಗಿಂತ ಎರಡೂವರೆ ಸೆಂಟಿಮೀಟರ್ ಹಿಂದಿದೆ ಎಂದು ಬಂತು. ಕೇಳಲು ಅಲ್ಪವೆನ್ನಿಸಿದರೂ 2,800 ಹರ್ಟ್ಜ್‌ನಲ್ಲಿ ಅದು 73 ಡಿಗ್ರಿಯಷ್ಟು ಫೇಸ್ ವ್ಯತ್ಯಾಸ, ಮತ್ತು ಯಾವ ರೆಡಿಮೇಡ್ ಬೋರ್ಡಿಗೂ ಇದು ಮುಂಚಿತವಾಗಿ ಗೊತ್ತಿರಲು ಸಾಧ್ಯವಿಲ್ಲ.

ಕೂಡುವ ಬಿಂದುವನ್ನು 2,800 ಹರ್ಟ್ಜ್ ಎಂದು ಇಟ್ಟುಕೊಂಡದ್ದಕ್ಕೆ ಕಾರಣ ಎರಡು. ಟ್ವೀಟರ್‌ನ ಅನುರಣನದ ಎರಡು ಪಟ್ಟು, ಅಂದರೆ 2,600ಕ್ಕಿಂತ ಕೆಳಗೆ ಹೋಗುವುದು ಅದರ ಆರೋಗ್ಯಕ್ಕೆ ಒಳ್ಳೆಯದಲ್ಲ. ವೂಫರ್‌ನ ಕೋನ್‌ನ ವ್ಯಾಸ ಸುಮಾರು 13 ಸೆಂಟಿಮೀಟರ್. ಧ್ವನಿಯ ತರಂಗಾಂತರ ಅಷ್ಟೇ ಆಗುವುದು 2,640 ಹರ್ಟ್ಜ್‌ನಲ್ಲಿ, ಅದಕ್ಕಿಂತ ಮೇಲೆ ಹೋದಷ್ಟೂ ವೂಫರ್ ಟಾರ್ಚಿನಂತೆ ಎದುರಿಗೆ ಮಾತ್ರ ಸದ್ದು ಬೀರತೊಡಗುತ್ತದೆ. ಇವೆರಡರ ನಡುವೆ ನನಗೆ ಉಳಿದ ಓಣಿ ಬಹಳ ಕಿರಿದು. ತಂತ್ರಾಂಶದಲ್ಲಿ ಎರಡು ಸಂಜೆ ಅತ್ತಿತ್ತ ಎಳೆದಾಡಿದ ಮೇಲೆ ನಿಂತ ಮಂಡಲ ಇದು: ವೂಫರ್‌ಗೆ ಸರಣಿಯಲ್ಲಿ 1.2 ಮಿಲಿಹೆನ್ರಿ, ಅಡ್ಡಲಾಗಿ 8 ಮೈಕ್ರೋಫ್ಯಾರಡ್. ಟ್ವೀಟರ್‌ಗೆ ಸರಣಿಯಲ್ಲಿ 5.65 ಮೈಕ್ರೋಫ್ಯಾರಡ್, ಅಡ್ಡಲಾಗಿ 0.35 ಮಿಲಿಹೆನ್ರಿ, ಆಮೇಲೆ ಸರಣಿಯಲ್ಲಿ 3.3 ಓಮ್ ಮತ್ತು ಟ್ವೀಟರ್‌ಗೆ ಸಮಾನಾಂತರವಾಗಿ 10 ಓಮ್. ಈ ಎರಡು ರೆಸಿಸ್ಟರ್‌ಗಳು ಟ್ವೀಟರನ್ನು ಐದೂವರೆ ಡೆಸಿಬೆಲ್ ತಗ್ಗಿಸುತ್ತವೆ. ವೂಫರ್‌ನ ಏರುವ ಇಂಪೀಡೆನ್ಸನ್ನು ಚಪ್ಪಟೆ ಮಾಡುವ ಝೋಬೆಲ್ ಜೋಡಿಯನ್ನೂ, ಅಂದರೆ ಸುಮಾರು ಏಳೂವರೆ ಓಮ್ ಮತ್ತು 12 ಮೈಕ್ರೋಫ್ಯಾರಡ್‌ಗಳನ್ನೂ ಸೇರಿಸಿ ನೋಡಿದೆ. ದೊಡ್ಡ ಕಾಯಿಲ್ ಆ ಕೆಲಸವನ್ನು ಬಹುಪಾಲು ತಾನೇ ಮಾಡುತ್ತಿದ್ದುದರಿಂದ ಖರ್ಚು ಉಳಿಸಿದೆ.

ಎಂಟು ಮತ್ತು ಐದು ಪಾಯಿಂಟ್ ಆರು ಐದು ಎಂಬ ವಿಚಿತ್ರ ಮೌಲ್ಯಗಳು ಎಲ್ಲಿಂದ ಬಂದವು ಎಂದರೆ, ಸೀಲಿಂಗ್ ಫ್ಯಾನಿನಿಂದ. ನಮ್ಮಲ್ಲಿ ಫ್ಯಾನ್‌ಗೆ ಹಾಕುವ 2.5, 3.15 ಮತ್ತು 4 ಮೈಕ್ರೋಫ್ಯಾರಡ್‌ನ ಬಿಳಿ ಕೆಪಾಸಿಟರ್ ಸಾಮಾನ್ಯವಾಗಿ ಲೋಹಲೇಪಿತ ಪಾಲಿಪ್ರೊಪಿಲೀನ್ ಹಾಳೆಯದೇ ಆಗಿರುತ್ತದೆ. 440 ವೋಲ್ಟ್ ಎಸಿ ತಡೆಯಲು ಮಾಡಿದ್ದು. ಧ್ವನಿಪ್ರಿಯರಿಗೆಂದೇ ಬಣ್ಣದ ಕವಚ ತೊಡಿಸಿ ಹಲವು ಪಟ್ಟು ಬೆಲೆಗೆ ಮಾರುವ ಕೆಪಾಸಿಟರ್‌ಗಳ ಒಳಗೂ ಇದೇ ಪ್ಲಾಸ್ಟಿಕ್ ಇರುತ್ತದೆ. ಗಾತ್ರ ದೊಡ್ಡದು, ನೋಟ ಸಾಧಾರಣ. ಆದರೆ ಪೆಟ್ಟಿಗೆಯೊಳಗೆ ಯಾರೂ ಇಣುಕುವುದಿಲ್ಲ. ನಾಲ್ಕರ ಎರಡನ್ನು ಸಮಾನಾಂತರ ಕಟ್ಟಿದರೆ ಎಂಟು, 3.15 ಮತ್ತು 2.5 ಸೇರಿದರೆ 5.65. ಬೀದಿ ಕೊನೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಎಂಟು ಕೆಪಾಸಿಟರ್‌ಗಳಿಗೆ 330 ರೂಪಾಯಿ ಆಯಿತು. ಅಳೆದಾಗ 4 ಎಂದು ಬರೆದದ್ದು 3.94, 3.15 ಎಂದದ್ದು 3.08 ತೋರಿಸಿತು; ಇದಕ್ಕಿಂತ ಹೆಚ್ಚಿನ ನಿಖರತೆ ಈ ಕೆಲಸಕ್ಕೆ ಬೇಕಿಲ್ಲ. ಹಳೆಯ ಫ್ಯಾನಿನಿಂದ ಕಿತ್ತ ಕೆಪಾಸಿಟರ್ ಮಾತ್ರ ಬೇಡ. ಅವುಗಳ ಮೈಕ್ರೋಫ್ಯಾರಡ್ ಮೌಲ್ಯ ಇಳಿದಿರುತ್ತದೆ, ಫ್ಯಾನ್ ನಿಧಾನವಾಗುವುದೂ ಹೆಚ್ಚಾಗಿ ಅದಕ್ಕೇ.

ಕಾಯಿಲ್‌ಗೆ ತಂತಿ ತರಲು ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಮಾಡುವವರ ಬಳಿ ಹೋದೆ. 19 ಗೇಜಿನ ಎನಾಮೆಲ್ ತಂತಿ 600 ಗ್ರಾಂ ಬೇಕು ಎಂದಾಗ ಅವರು, “ಎಷ್ಟು ಎಚ್‌ಪಿ ಮೋಟಾರು ಸಾರ್?” ಎಂದು ಕೇಳಿದರು. ಮೋಟಾರಿಗಲ್ಲ, ಹಾಡು ಕೇಳುವ ಬಾಕ್ಸಿಗೆ ಎಂದೆ. ತಕ್ಕಡಿಯಿಂದ ಮುಖ ಎತ್ತಿ ಒಮ್ಮೆ ನೋಡಿ, “ಬಾಕ್ಸಿಗೆ ಇಷ್ಟು ತಾಮ್ರ ಯಾಕೆ ಸಾರ್” ಎಂದು ತೂಗಿ ಕೊಟ್ಟರು. 660 ರೂಪಾಯಿ. ನಮ್ಮ ಒಟ್ಟು ಖರ್ಚಿನ ಅರ್ಧಕ್ಕಿಂತ ಹೆಚ್ಚು ಇಲ್ಲಿಗೇ ಹೋಯಿತು, ಮತ್ತು ಹೋಗಬೇಕಾದದ್ದೂ ಇಲ್ಲಿಗೇ ಎಂಬುದು ನನ್ನ ಅಭಿಪ್ರಾಯ.

30 ಮಿಲಿಮೀಟರ್ ಹೊರವ್ಯಾಸದ ಪೈಪಿನ ತುಂಡಿಗೆ ಎರಡೂ ಬದಿಯಲ್ಲಿ ಪ್ಲೈವುಡ್ ಬಿಲ್ಲೆ ಹೊಡೆದು, ನಡುವೆ 25 ಮಿಲಿಮೀಟರ್ ಜಾಗ ಬಿಟ್ಟು ಸುತ್ತಿದೆ. ಕಾಯಿಲ್‌ನ ಸುತ್ತುಗಳನ್ನು ಲೆಕ್ಕ ಹಾಕುವ ಹೆರಾಲ್ಡ್ ವೀಲರ್ ಅವರ ಸೂತ್ರದ ಪ್ರಕಾರ 1.2 ಮಿಲಿಹೆನ್ರಿಗೆ ಸುಮಾರು 207 ಸುತ್ತು, 0.35ಕ್ಕೆ ಸುಮಾರು 117 ಸುತ್ತು. ಐದು ಸುತ್ತು ಹೆಚ್ಚೇ ಸುತ್ತಿ, ಅಳೆಯುತ್ತ ಬಿಚ್ಚುತ್ತ ಬರುವುದು ಸುಲಭದ ದಾರಿ. ಕಡಿಮೆಯಾದರೆ ಬೆಸುಗೆ ಹಾಕಿ ಜೋಡಿಸುವ ಪಾಡು. ದೊಡ್ಡ ಕಾಯಿಲ್‌ಗೆ 26 ಮೀಟರ್ ತಂತಿ ಹಿಡಿಯಿತು, ಅದರ ರೋಧ 0.55 ಓಮ್. ಬೋರ್ಡಿನ ಕಾಯಿಲ್‌ಗಿಂತ ಇಂಡಕ್ಟನ್ಸ್ ಎರಡು ಪಟ್ಟಿಗೂ ಹೆಚ್ಚು, ರೋಧ ಅದಕ್ಕಿಂತ ಕಡಿಮೆ, ಮತ್ತು ಒಳಗೆ ಕಬ್ಬಿಣವಾಗಲಿ ಫೆರೈಟ್ ಆಗಲಿ ಇಲ್ಲದಿರುವುದರಿಂದ ಎಷ್ಟೇ ಸದ್ದು ಹೆಚ್ಚಿಸಿದರೂ ತಿರುಳು ಕಾಂತತ್ವದಿಂದ ತುಂಬಿ ಧ್ವನಿ ಕೆಡುವ ಭಯವಿಲ್ಲ. ಎರಡು ಕಾಯಿಲ್‌ಗಳನ್ನು ಹಲಗೆಯ ಎರಡು ತುದಿಯಲ್ಲಿ, ಒಂದನ್ನು ಮಲಗಿಸಿ ಇನ್ನೊಂದನ್ನು ನಿಲ್ಲಿಸಿ ಕಟ್ಟಿದೆ. 10 ವ್ಯಾಟಿನ ಸಿಮೆಂಟ್ ರೆಸಿಸ್ಟರ್ ನಾಲ್ಕಕ್ಕೆ 48 ರೂಪಾಯಿ, ಹಲಗೆ, ಟರ್ಮಿನಲ್, ಕಟ್ಟುವ ಪಟ್ಟಿ ಇತ್ಯಾದಿಗೆ 110.

ಫಲಿತಾಂಶವನ್ನು ಮೈಕ್ ಹಿಂದಿರುಗಿಸುವ ದಿನ ಬೆಳಿಗ್ಗೆ ಅಳೆದೆ. 300ರಿಂದ 10,000 ಹರ್ಟ್ಜ್‌ವರೆಗೆ ಗೆರೆಯು ಹೆಚ್ಚುಕಡಿಮೆ ಎರಡೂವರೆ ಡೆಸಿಬೆಲ್‌ನ ಒಳಗೆ ನಿಂತಿತ್ತು. ರೆಡಿಮೇಡ್ ಬೋರ್ಡಿನಲ್ಲಿ ಅದೇ ಗೆರೆ ಆರು ಡೆಸಿಬೆಲ್‌ವರೆಗೆ ಮೇಲೆ ಕೆಳಗೆ ಜಿಗಿದಿತ್ತು. ಟ್ವೀಟರ್‌ನ ತಂತಿಗಳನ್ನು ಬೇಕೆಂದೇ ಅದಲುಬದಲು ಮಾಡಿ ಅಳೆದಾಗ 2,850 ಹರ್ಟ್ಜ್‌ನ ಬಳಿ ಇಪ್ಪತ್ತು ಡೆಸಿಬೆಲ್‌ಗೂ ಆಳದ ಗುಂಡಿ ಬಿತ್ತು. ತಂತಿ ಸರಿಯಾಗಿದ್ದಾಗ ಎರಡೂ ಡ್ರೈವರ್‌ಗಳು ಫೇಸ್‌ನಲ್ಲಿ ಕೂಡುತ್ತಿವೆ ಎಂಬುದಕ್ಕೆ ಇದಕ್ಕಿಂತ ಅಗ್ಗದ ಸಾಕ್ಷಿ ಇಲ್ಲ. ವಾರ್ತೆಯಲ್ಲಿ ಶ, ಷ, ಸ ಈಗ ಬೇರೆ ಬೇರೆಯಾಗಿ ಕೇಳುತ್ತವೆ. ತಂಬೂರಿಯ ಜೀವಾಳಿಯ ಝೇಂಕಾರ ಒಂದೇ ಕಡೆಯಿಂದ ಬರುತ್ತದೆ, ಮೊದಲು ಅದು ಕೆಳಗಿನ ಡ್ರೈವರ್‌ನಿಂದ ಮೇಲಿನದಕ್ಕೆ ಹತ್ತಿ ಇಳಿದಂತೆ ಇರುತ್ತಿತ್ತು. ತೊಪ್ಪಿ ಕೋಣೆಯೊಳಕ್ಕೆ ಬಂದಿದೆ.

ಕುಂದುಗಳೂ ಇವೆ. ಮಂದ್ರ ಮತ್ತು ಮಧ್ಯದ ಸಮತೋಲನಕ್ಕೆ ತೆತ್ತ ಬೆಲೆಯಾಗಿ ಸ್ಪೀಕರ್‌ನ ಒಟ್ಟು ಸದ್ದು ಕಡಿಮೆಯಾಗಿದೆ. ಆಂಪ್ಲಿಫೈಯರ್‌ನ ಗುಂಡಿಯನ್ನು ಮೊದಲಿಗಿಂತ ಹೆಚ್ಚು ತಿರುಗಿಸಬೇಕು, ಮತ್ತು ಇದನ್ನು ನೋಡಿದ ಮನೆಯವರ ಮೊದಲ ತೀರ್ಪು “ಹಾಳು ಮಾಡಿಬಿಟ್ಟಿರಿ” ಎಂಬುದಾಗಿತ್ತು. ಎರಡು ವಾರಾಂತ್ಯ ಮತ್ತು ಆರೇಳು ಸಂಜೆ ಇದಕ್ಕೆ ಹೋದವು. ಕ್ರಾಸ್‌ಓವರ್ ಹಲಗೆ ಅಂಗೈಗಿಂತ ದೊಡ್ಡದಾಗಿ, ವೂಫರ್‌ನ ರಂಧ್ರದಿಂದ ಒಳಗೆ ತೂರಿಸಲು ಒಂದು ಮೂಲೆಯನ್ನು ಗರಗಸದಿಂದ ಕೊಯ್ಯಬೇಕಾಯಿತು.

ಹಾಗಾದರೆ ರೆಡಿಮೇಡ್ ಬೋರ್ಡನ್ನು ಯಾರೂ ಕೊಳ್ಳಬಾರದೇ? ಗಣೇಶನ ಪೆಂಡಾಲಿಗೆ ಹಳೆಯ ಡಬ್ಬಿಯೊಂದರಲ್ಲಿ ಟ್ವೀಟರ್ ಸುಡದಂತೆ ಏನೋ ಒಂದು ಬೇಕು ಎನ್ನುವವರಿಗೆ ಅದು ನಡೆಯುತ್ತದೆ. ಐದರಲ್ಲಿ ಒಂದೂವರೆ ಅಂಕ ಕೊಡುತ್ತೇನೆ, ಅದರಲ್ಲಿ ಒಂದು ಆ ಗಟ್ಟಿ ಟರ್ಮಿನಲ್‌ಗಳಿಗೆ. ಕೂತು ಕೇಳುವ ಸ್ಪೀಕರ್‌ಗೆ ಬೇಡ. ಮೈಕ್ ಎರವಲು ಸಿಗದವರು ಕೂಡ ಇಂಪೀಡೆನ್ಸನ್ನು ಅಳೆದು, ಡ್ರೈವರ್ ತಯಾರಕರು ಪ್ರಕಟಿಸಿರುವ ಗೆರೆಗಳನ್ನು ತಂತ್ರಾಂಶಕ್ಕೆ ಕೊಟ್ಟು, ಪೆಟ್ಟಿಗೆಯ ಅಗಲವನ್ನು ಸೇರಿಸಿ ವಿನ್ಯಾಸ ಮಾಡಿದರೆ ಬೋರ್ಡಿಗಿಂತ ಬಹಳ ಮುಂದೆ ಹೋಗುತ್ತಾರೆ. ರೆಸಿಸ್ಟರ್‌ಗಳನ್ನು ಮಾತ್ರ ಪೆಟ್ಟಿಗೆಯ ಹೊರಗೆ ಕಟ್ಟಿಟ್ಟು, 2.2ರಿಂದ 4.7 ಓಮ್‌ವರೆಗೆ ಬದಲಿಸುತ್ತ ಒಂದು ವಾರ ಕಿವಿಯಿಂದಲೇ ನಿಶ್ಚಯಿಸಿಕೊಳ್ಳಬೇಕಾದೀತು. ನನ್ನ ಟ್ವೀಟರ್‌ಗೆ 6,500 ಹರ್ಟ್ಜ್‌ನ ಬಳಿ ಎರಡು ಡೆಸಿಬೆಲ್‌ನ ಒಂದು ಉಬ್ಬು ಉಳಿದಿದೆ. ಸರಿಪಡಿಸಲು ಇನ್ನೊಂದು ಪುಟ್ಟ ಕಾಯಿಲ್ ಬೇಕು, ತಂತಿಯೂ ಮೂವತ್ತೈದು ಗ್ರಾಂನಷ್ಟು ಮಿಕ್ಕಿದೆ. ಆದರೆ ಚಂಡೆಯ ಧ್ವನಿಮುದ್ರಣ ಹಾಕಿದಾಗ ಮಾತ್ರ ಗೊತ್ತಾಗುವ ಆ ಉಬ್ಬನ್ನು ಸದ್ಯಕ್ಕೆ ಹಾಗೇ ಬಿಟ್ಟಿದ್ದೇನೆ.